ಹಾಸನ, ಚಿಕ್ಕಮಗಳೂರಿನಿಂದ ಓಪನ್ ಸೋರ್ಸ್ ಸಮ್ಮೇಳನಕ್ಕೆ ಮೊದಲ ಸಲ ಹೊರಟವರಿಗೆ

ಆಗಸ್ಟ್ ಬಂತೆಂದರೆ ನನಗೆ ಒಂದೇ ಥರದ ಮೆಸೇಜ್‌ಗಳು ಶುರುವಾಗುತ್ತವೆ. ಹಾಸನದ ಇಂಜಿನಿಯರಿಂಗ್ ಹುಡುಗರು, ಚಿಕ್ಕಮಗಳೂರಿನ ಡಿಪ್ಲೊಮಾ ಹುಡುಗಿಯರು, ಹೋದ ವರ್ಷ ಬೇಲೂರಿನ ಒಬ್ಬರು ಹೈಸ್ಕೂಲ್ ಮೇಷ್ಟ್ರು. ಎಲ್ಲರದ್ದೂ ಮೂರೇ ಪ್ರಶ್ನೆ. ನನಗೆ ಕೋಡಿಂಗ್ ಅಷ್ಟು ಬರಲ್ಲ, ಹೋಗಬಹುದಾ? ಇಂಗ್ಲಿಷ್‌ನಲ್ಲೇ ಮಾತಾಡಬೇಕಾ? ಕಾಲೇಜಿನಿಂದ ಲೆಟರ್ ಬೇಕಾ?

ಹೋಗಬಹುದು. ಪೂರ್ತಿ ಇಂಗ್ಲಿಷ್ ಬೇಕಿಲ್ಲ. ಲೆಟರ್ ಬೇಡವೇ ಬೇಡ. ಆದರೆ ಇಷ್ಟು ಹೇಳಿದರೆ ಸಾಲದು ಅಂತ ಗೊತ್ತು. ಅದಕ್ಕೇ ಹೊರಡುವ ತಿಂಗಳ ಮುಂಚಿನಿಂದ ವಾಪಸ್ ಬಂದ ವಾರದವರೆಗೆ ಏನೇನು ಮಾಡಬೇಕು ಅಂತ ಒಂದೇ ಕಡೆ ಬರೆದಿದ್ದೇನೆ.

ಮೊದಲು ಎರಡು ಪದ. ಓಪನ್ ಸೋರ್ಸ್ ಅಂದರೆ ತಂತ್ರಾಂಶದ ಮೂಲ ಬರಹ, ಅಂದರೆ ಕೋಡ್, ಎಲ್ಲರಿಗೂ ತೆರೆದಿರುವುದು. ಅದನ್ನು ಬಳಸಲು, ಓದಲು, ತಿದ್ದಲು, ಹಂಚಲು ಲೈಸೆನ್ಸ್‌ನಲ್ಲೇ ಅನುಮತಿ ಇರುತ್ತದೆ. ಇಂಟರ್‌ನೆಟ್ ನೋಡುವ ಫೈರ್‌ಫಾಕ್ಸ್, ಪತ್ರ, ಲೆಕ್ಕ ಬರೆಯುವ ಲಿಬ್ರೆಆಫೀಸ್, ವಿಡಿಯೊ ನೋಡುವ ವಿಎಲ್‌ಸಿ, ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಲ್ಲ ಈ ಜಾತಿಯವು. ಇನ್ನು ಸಮುದಾಯ ನಡೆಸುವ ಸಮ್ಮೇಳನ. ಊರಹಬ್ಬಕ್ಕೆ ವರಾಡ ಎತ್ತಿ, ಚಪ್ಪರ ಒಬ್ಬರು, ಅಡುಗೆ ಒಬ್ಬರು ಅಂತ ಹಂಚಿಕೊಳ್ಳುತ್ತೇವಲ್ಲ, ಹೆಚ್ಚುಕಡಿಮೆ ಅದೇ ರೀತಿ. ಕಂಪನಿಗಳು ದುಡ್ಡು ಕೊಡಬಹುದು, ಆದರೆ ಯಾರು ಮಾತಾಡಬೇಕು, ಏನು ನಡೆಯಬೇಕು ಅಂತ ತೀರ್ಮಾನಿಸುವುದು ಆ ತಂತ್ರಾಂಶ ಬಳಸುವ, ಕಟ್ಟುವ ಜನರೇ. ಅವರಲ್ಲಿ ಬಹಳ ಜನ ಸಂಬಳವಿಲ್ಲದೆ ದುಡಿಯುತ್ತಿರುತ್ತಾರೆ. ಇದನ್ನು ನೆನಪಿಟ್ಟುಕೊಂಡು ಹೋದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

1. ಯಾವುದಕ್ಕೆ ಹೋಗಬೇಕು

ನಮ್ಮ ಕಡೆಯವರಿಗೆ ಅತ್ಯಂತ ಹತ್ತಿರದ ದೊಡ್ಡ ಸಮ್ಮೇಳನ ಇಂಡಿಯಾಫಾಸ್. ಫಾಸ್ ಅಂದರೆ ಸ್ವತಂತ್ರ ಮತ್ತು ಓಪನ್ ಸೋರ್ಸ್ ತಂತ್ರಾಂಶ ಅನ್ನುವುದರ ಇಂಗ್ಲಿಷ್ ಚುಟುಕು. ಫಾಸ್ ಯುನೈಟೆಡ್ ಎಂಬ ಸಂಸ್ಥೆಯ ಜನ ಬೆಂಗಳೂರಿನಲ್ಲಿ ನಡೆಸುತ್ತಾರೆ. 2024ರಲ್ಲಿ ಸೆಪ್ಟೆಂಬರ್ 7 ಮತ್ತು 8ರಂದು, 2025ರಲ್ಲಿ ಸೆಪ್ಟೆಂಬರ್ 20 ಮತ್ತು 21ರಂದು, ಎರಡು ಸಲವೂ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆಯಿತು. ಪೈಥಾನ್ ಕಲಿಯುತ್ತಿದ್ದರೆ ಪೈಕಾನ್ ಇಂಡಿಯಾ ನೋಡಿ. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾಯಿತು, ಈಗ ಊರು ಬದಲಾಗುತ್ತಿರುತ್ತದೆ. ಡೆಬಿಯನ್ ಎಂಬ ಲಿನಕ್ಸ್ ಬಳಗದ ಜಾಗತಿಕ ಸಮ್ಮೇಳನ ಡೆಬ್‌ಕಾನ್. ಅದು ಪ್ರತಿ ವರ್ಷ ಒಂದೊಂದು ದೇಶಕ್ಕೆ ಹೋಗುತ್ತದೆ. ಭಾರತಕ್ಕೆ ಮೊದಲ ಸಲ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ, ಕೊಚ್ಚಿಗೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ನಡೆಯುವ ಫಾಸ್ಡೆಮ್ ಬಗ್ಗೆಯೂ ಕೇಳಿರಬಹುದು. ಅಲ್ಲಿ ಟಿಕೆಟ್ಟೂ ಇಲ್ಲ, ಹೆಸರು ನೋಂದಾಯಿಸುವುದೂ ಇಲ್ಲ, ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಸೀದಾ ನಡೆದು ಹೋಗುವುದೇ. ಅದರ ರೆಕಾರ್ಡಿಂಗ್‌ಗಳನ್ನು ಮನೆಯಲ್ಲೇ ನೋಡಬಹುದು.

ಬೆಂಗಳೂರಿಗೆ ಇದೇನೂ ಹೊಸದಲ್ಲ. 2001ರಲ್ಲೇ ಲಿನಕ್ಸ್ ಬೆಂಗಳೂರು ಅಂತ ಶುರುವಾಗಿ, ಮುಂದೆ ಫಾಸ್ ಡಾಟ್ ಇನ್ ಅಂತ ಹೆಸರು ಬದಲಾಗಿ, 2012ರವರೆಗೆ ಒಂದು ಸಮ್ಮೇಳನ ನಡೆದಿತ್ತು. ಅಲ್ಲಿ ವಿದ್ಯಾರ್ಥಿಗಳಾಗಿ ಕೂತಿದ್ದವರು ಇವತ್ತು ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುತ್ತಿದ್ದಾರೆ.

ಎಚ್ಚರ: "ಇಂಟರ್‌ನ್ಯಾಷನಲ್ ಕಾನ್ಫರೆನ್ಸ್, ಪೇಪರ್ ಕಳಿಸಿ, ಪ್ರಕಟಣೆಗೆ ಇಷ್ಟು ಫೀಸ್" ಅಂತ ಕಾಲೇಜಿನ ನೋಟಿಸ್ ಬೋರ್ಡಿಗೆ ಬರುತ್ತದಲ್ಲ, ಅದು ಬೇರೆ ಲೋಕ. ನಾನು ಹೇಳುತ್ತಿರುವ ಸಮ್ಮೇಳನಗಳಲ್ಲಿ ಪೇಪರ್ ಪ್ರಕಟಿಸಲು ಯಾರೂ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಅನುಮಾನ ಬಂದರೆ ಹೀಗೆ ನೋಡಿ: ಮಾತಾಡಲು ಯಾರು ಬೇಕಾದರೂ ಅರ್ಜಿ ಹಾಕಬಹುದೇ, ನಡವಳಿಕೆಯ ನಿಯಮಗಳನ್ನು ಬರೆದು ಹಾಕಿದ್ದಾರೆಯೇ, ಹಳೆಯ ವರ್ಷಗಳ ವಿಡಿಯೊಗಳು ಎಲ್ಲರಿಗೂ ಸಿಗುತ್ತವೆಯೇ. ಮೂರಕ್ಕೂ ಹೌದು ಅಂತಾದರೆ ನೆಮ್ಮದಿಯಾಗಿ ಟಿಕೆಟ್ ತಗೊಳ್ಳಿ.

2. ಟಿಕೆಟ್ ಮತ್ತು ದುಡ್ಡು

ಬಹಳಷ್ಟು ಕಡೆ ವಿದ್ಯಾರ್ಥಿಗಳಿಗೆ ಕಡಿಮೆ ದರದ ಟಿಕೆಟ್ ಇರುತ್ತದೆ. ಬೇಗ ಕೊಂಡರೆ ಇನ್ನೂ ಕಡಿಮೆ. ಕಾಲೇಜ್ ಐಡಿಯಲ್ಲಿರುವ ಹೆಸರನ್ನೇ ಟಿಕೆಟ್‌ಗೂ ಕೊಡಿ, ಬಾಗಿಲಲ್ಲಿ ತಾಳೆ ನೋಡಬಹುದು.

ಟಿಕೆಟ್ ಕೊಳ್ಳುವ ಮುಂಚೆ ಕ್ಯಾಲೆಂಡರ್ ನೋಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, 2024ರ ಇಂಡಿಯಾಫಾಸ್‌ನ ಮೊದಲ ದಿನವೇ ಗಣೇಶ ಚತುರ್ಥಿ ಇತ್ತು. ಮನೆಯಲ್ಲಿ ಕೇಳದೆ ಟಿಕೆಟ್ ತಗೊಂಡರೆ ಕೊನೆಗೆ ಹಬ್ಬವೂ ಇಲ್ಲ, ಸಮ್ಮೇಳನವೂ ಇಲ್ಲ ಅನ್ನುವ ಹಾಗಾಗುತ್ತದೆ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನದ ಬಸ್ ಸ್ಟ್ಯಾಂಡ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ದೀಪಾವಳಿಯ ಆಸುಪಾಸಿನ ಸಮ್ಮೇಳನವಾದರೆ ಬಸ್ಸನ್ನು ಮೊದಲೇ ರಿಸರ್ವ್ ಮಾಡಿಸಿ.

ದುಡ್ಡಿಗೆ ಕಷ್ಟವಾದರೆ ಸ್ಕಾಲರ್‌ಶಿಪ್ ಕೇಳಿ. ಕೆಲವರು ಇದನ್ನು ಬರ್ಸರಿ ಅನ್ನುತ್ತಾರೆ. ಟಿಕೆಟ್, ಪ್ರಯಾಣ, ಊಟ, ವಸತಿಯಲ್ಲಿ ಒಂದಿಷ್ಟನ್ನು ಸಮ್ಮೇಳನದವರೇ ಭರಿಸುವ ವ್ಯವಸ್ಥೆ. ಇದು ಭಿಕ್ಷೆ ಅಲ್ಲ, ನಿಮ್ಮಂಥವರಿಗಾಗಿಯೇ ತೆಗೆದಿಟ್ಟ ದುಡ್ಡು. ಸಂಕೋಚ ಬೇಡ. ಆದರೆ ಅರ್ಜಿ ಬರೆಯುವುದರಲ್ಲಿ ನಮ್ಮ ಹುಡುಗರು ಎಡವುತ್ತಾರೆ. "ತಂತ್ರಜ್ಞಾನದ ಬಗ್ಗೆ ನನಗೆ ಅಪಾರ ಆಸಕ್ತಿ ಇದೆ, ದಯವಿಟ್ಟು ಅವಕಾಶ ಕೊಡಿ" ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

"ನಾನು ಆಲೂರು ತಾಲ್ಲೂಕಿನವಳು. ನಮ್ಮ ಹೋಬಳಿಯ ಹನ್ನೊಂದು ಹಳ್ಳಿಗಳ ಹೆಸರನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕನ್ನಡದಲ್ಲಿ ಸೇರಿಸಿದ್ದೇನೆ. ಫೋನಿನ ಒಂದು ಆಪ್‌ನಲ್ಲಿ ಒತ್ತಕ್ಷರ ಒಡೆದು ಕಾಣುತ್ತಿದೆ, ಅದರ ಬಗ್ಗೆ ಗೊತ್ತಿರುವವರನ್ನು ಭೇಟಿ ಮಾಡಬೇಕು. ಬಸ್ ಚಾರ್ಜ್ ಮತ್ತು ಒಂದು ರಾತ್ರಿಯ ವಸತಿಗೆ ಸಹಾಯ ಬೇಕು."

ನಾಲ್ಕೇ ಸಾಲು. ಏನು ಮಾಡಿದ್ದೀರಿ, ಏನು ಬೇಕು, ಎಷ್ಟು ಬೇಕು, ಎಲ್ಲ ಇದೆ.

3. ಹೋಗುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ

ಈ ಹಂತವನ್ನು ಬಿಡಬೇಡಿ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ನಾನು ಮೊದಲ ಸಲ ಹೋದಾಗ ಎರಡು ದಿನ ಪೂರ್ತಿ ಟಾಕ್ ಕೇಳಿದೆ, ಪುಟಗಟ್ಟಲೆ ಬರೆದುಕೊಂಡೆ, ಒಬ್ಬರ ಹತ್ತಿರವೂ ಮಾತಾಡಲಿಲ್ಲ. "ನೀವು ಏನು ಮಾಡ್ತಿದ್ದೀರಿ?" ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರಲಿಲ್ಲ. ಮುಂದಿನ ವರ್ಷ ಒಂದು ತಂತ್ರಾಂಶದ ಮೆನುವಿನ ನಲವತ್ತು ಸಾಲನ್ನು ಕನ್ನಡಕ್ಕೆ ತಂದು ಹೋದೆ. ಆ ನಲವತ್ತು ಸಾಲಿನಿಂದ ಎರಡು ದಿನವೂ ಮಾತು ಮುಗಿಯಲಿಲ್ಲ.

ಕೋಡ್ ಬಾರದವರೂ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅತಿ ಸುಲಭದ್ದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ, ಜನರೇ ಬಿಡಿಸುತ್ತಿರುವ ಭೂಪಟ ಇದು. ನಿಮ್ಮ ಊರನ್ನು ಅದರಲ್ಲಿ ಹುಡುಕಿ. ಊರಿನ ಚುಕ್ಕೆ ಇರುತ್ತದೆ, ಹೆಸರು ಇಂಗ್ಲಿಷ್‌ನಲ್ಲಿ ಮಾತ್ರ ಇರಬಹುದು. ಕನ್ನಡ ಹೆಸರು ತುಂಬಲು ಅಲ್ಲಿ ಪ್ರತ್ಯೇಕ ಜಾಗ ಇದೆ. ಊರ ಕೆರೆ, ಅರಳಿಕಟ್ಟೆ ಹತ್ತಿರದ ಬಸ್ ಸ್ಟಾಪ್, ಸರ್ಕಾರಿ ಶಾಲೆ, ಹಾಲಿನ ಡೇರಿ, ಇವನ್ನು ನಿಮ್ಮಷ್ಟು ಚೆನ್ನಾಗಿ ಬೆಂಗಳೂರಿನವರಿಗೆ ಗೊತ್ತಿರಲು ಸಾಧ್ಯವಿಲ್ಲ. ಆಂಡ್ರಾಯ್ಡ್ ಫೋನಿದ್ದರೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆಪ್ ಹಾಕಿಕೊಂಡು ನಡೆಯುತ್ತಾ ಹೋಗಿ. "ಈ ರಸ್ತೆ ಡಾಂಬರಿನದೋ ಮಣ್ಣಿನದೋ?" ಎಂಬಂಥ ಪ್ರಶ್ನೆ ಅದೇ ಕೇಳುತ್ತದೆ.

ಎಚ್ಚರ: ಗೂಗಲ್ ಮ್ಯಾಪ್ ನೋಡಿ ಹೆಸರು ನಕಲು ಮಾಡಬೇಡಿ. ಅದರ ಮಾಹಿತಿಗೆ ಬೇರೆ ಹಕ್ಕುದಾರರಿದ್ದಾರೆ, ಹಾಗೆ ಹಾಕಿದ್ದನ್ನು ತೆಗೆದುಹಾಕುತ್ತಾರೆ. ನೀವು ಕಂಡಿದ್ದು, ಊರಿನವರನ್ನು ಕೇಳಿ ತಿಳಿದದ್ದು, ಅಷ್ಟೇ ಹಾಕಿ.

ಎರಡನೆಯ ದಾರಿ ಅನುವಾದ. ಲಿಬ್ರೆಆಫೀಸ್‌ನ ಅನುವಾದ ವೆಬ್ಲೇಟ್ ಎಂಬ ಜಾಲತಾಣದಲ್ಲಿ, ಫೈರ್‌ಫಾಕ್ಸ್‌ನದು ಪಾಂಟೂನ್ ಎಂಬಲ್ಲಿ ನಡೆಯುತ್ತದೆ. ಒಂದೊಂದೇ ಸಾಲು ಕಾಣಿಸುತ್ತದೆ, ಪಕ್ಕದಲ್ಲಿ ಕನ್ನಡ ಬರೆಯುತ್ತೀರಿ. ಮಾಡುತ್ತಾ ಹೋದರೆ ನಿಜವಾದ ಕಷ್ಟ ಗೊತ್ತಾಗುತ್ತದೆ. 'ಸೇವ್' ಅನ್ನುವ ಒಂದು ಗುಂಡಿಯನ್ನೇ ತಗೊಳ್ಳಿ. 'ಉಳಿಸು' ಅನ್ನಬೇಕೇ, 'ಉಳಿಸಿ' ಅನ್ನಬೇಕೇ? ಯಂತ್ರಕ್ಕೆ ನಾವು ಅಪ್ಪಣೆ ಕೊಡುತ್ತಿದ್ದೇವೋ, ಯಂತ್ರ ನಮಗೆ ಮರ್ಯಾದೆಯಿಂದ ಹೇಳುತ್ತಿದೆಯೋ? ಅದೇ ಮೆನುವಿನ ಇನ್ನೊಂದು ಕಡೆ ಬೇರೆ ಯಾರೋ 'ಸಂರಕ್ಷಿಸು' ಅಂತ ಬರೆದಿರುತ್ತಾರೆ. ಈ ಪ್ರಶ್ನೆ ಹಿಡಿದು ಹೋದರೆ ಸಮ್ಮೇಳನದಲ್ಲಿ ಅದಕ್ಕೆ ಕಿವಿಗೊಡುವವರು ಸಿಕ್ಕೇ ಸಿಗುತ್ತಾರೆ. ತಮಿಳಿನವರು, ಮಲಯಾಳದವರು ಇದೇ ತಲೆನೋವನ್ನು ಹೇಗೆ ಬಗೆಹರಿಸಿಕೊಂಡರು ಅಂತ ಅವರೇ ಹೇಳುತ್ತಾರೆ. ನಮ್ಮ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರು ಕನ್ನಡಕ್ಕೆ ಸರಿಯಾದ ತಂತ್ರಾಂಶ ಬೇಕು ಅಂತ ಕೊನೆಯವರೆಗೂ ಕಾಳಜಿ ಮಾಡಿದವರು. ಆ ಕೆಲಸ ಇನ್ನೂ ಬಾಕಿ ಇದೆ, ನಮ್ಮ ಜಿಲ್ಲೆಯವರು ಕೈಹಾಕಿದರೆ ನನಗಂತೂ ಜಾಸ್ತಿ ಖುಷಿ.

ಕೋಡ್ ಬರುವವರು ನಿಮಗೆ ತೊಂದರೆ ಕೊಟ್ಟ ಒಂದು ದೋಷವನ್ನು ಸರಿಯಾಗಿ ವರದಿ ಮಾಡಿ. ಯಾವ ಆವೃತ್ತಿ, ಏನು ಒತ್ತಿದಾಗ ಏನಾಯಿತು, ಏನಾಗಬೇಕಿತ್ತು. ಆಮೇಲೆ ಪುಲ್ ರಿಕ್ವೆಸ್ಟ್ ಕಳಿಸಬಹುದು. ಹಾಗೆಂದರೆ "ಇಂಥ ತಿದ್ದುಪಡಿ ಮಾಡಿದ್ದೇನೆ, ಸರಿ ಕಂಡರೆ ಸೇರಿಸಿಕೊಳ್ಳಿ" ಅನ್ನುವ ಕೋರಿಕೆ.

ಎಚ್ಚರ: ಸುಮ್ನೆ ಲೆಕ್ಕಕ್ಕೆ ಅಂತ ಒಂದು ಪದ ಆಚೀಚೆ ಮಾಡಿ ಕಳಿಸಬೇಡಿ. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ, ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುವ ಕಾರ್ಯಕ್ರಮದಲ್ಲಿ ಆ ಟೀ ಶರ್ಟ್ ಆಸೆಗೆ ಇಂಥ ಅರ್ಥವಿಲ್ಲದ ತಿದ್ದುಪಡಿಗಳು ರಾಶಿ ಬಿದ್ದವು. ನಮ್ಮ ದೇಶದಿಂದಲೂ ಬಹಳ ಹೋದವು. ಬಿಡುವಿನಲ್ಲಿ ದುಡಿಯುವವರು ಅದನ್ನೆಲ್ಲ ಒಂದೊಂದಾಗಿ ಮುಚ್ಚುತ್ತಾ ಕೂರಬೇಕಾಯಿತು, ಕೊನೆಗೆ ಆಯೋಜಕರು ನಿಯಮವನ್ನೇ ಬದಲಿಸಿದರು.

4. ಕಾರ್ಯಕ್ರಮ ಪಟ್ಟಿ ಓದುವುದು

ಪಟ್ಟಿ ನೋಡಿದರೆ ಗಾಬರಿಯಾಗುತ್ತದೆ, ಒಂದೇ ಹೊತ್ತಿಗೆ ಮೂರ್ನಾಲ್ಕು ಕಡೆ ಏನೋ ನಡೆಯುತ್ತಿರುತ್ತದೆ. ಕೀನೋಟ್ ಅಂದರೆ ಎಲ್ಲರೂ ಕೂತು ಕೇಳುವ ಮುಖ್ಯ ಮಾತು. ಲೈಟ್ನಿಂಗ್ ಟಾಕ್ ಅಂದರೆ ಐದು ನಿಮಿಷದ ಚುಟುಕು ಮಾತು, ಇದಕ್ಕೆ ಅಲ್ಲೇ ಹೆಸರು ಕೊಡಬಹುದಾದ್ದೂ ಇರುತ್ತದೆ. ಬಿಒಎಫ್ ಅಂತ ಬರೆದಿದ್ದರೆ ಒಂದೇ ಆಸಕ್ತಿಯವರು ದುಂಡಗೆ ಕೂತು ಹರಟುವುದು, ಅಲ್ಲಿ ವೇದಿಕೆಯೂ ಇಲ್ಲ, ಭಾಷಣವೂ ಇಲ್ಲ. ಡೆವ್‌ರೂಮ್ ಅಂದರೆ ಒಂದು ವಿಷಯಕ್ಕೆ ಮೀಸಲಾದ ಕೋಣೆ. ಸ್ಪ್ರಿಂಟ್ ಅಂದರೆ ಒಟ್ಟಿಗೆ ಕೂತು ನಿಜವಾಗಿ ಕೆಲಸ ಮಾಡುವುದು.

ದಿನಕ್ಕೆ ಮೂರು ಟಾಕ್ ಗುರುತು ಹಾಕಿಕೊಳ್ಳಿ, ಸಾಕು. ಉಳಿದವು ಸಾಮಾನ್ಯವಾಗಿ ರೆಕಾರ್ಡ್ ಆಗುತ್ತವೆ. ಬಿಒಎಫ್ ಒಂದಾದರೂ ಇರಲಿ, ಅದು ರೆಕಾರ್ಡ್ ಆಗುವುದು ಅಪರೂಪ.

5. ಪ್ರಯಾಣ

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಶುಕ್ರವಾರ ಸಂಜೆ ಬೆಂಗಳೂರು ಬಿಡುವ ಬಸ್‌ಗಳು ತುಂಬಿರುತ್ತವೆ, ನೀವು ಹೋಗುವುದು ಎದುರು ದಿಕ್ಕಿಗೆ. ಹಾಗಾಗಿ ಶುಕ್ರವಾರವೇ ಹೊರಟುಬಿಡಿ. ಶನಿವಾರ ನಸುಕಿನ ಬಸ್ಸಿಗೆ ಹೊರಟು ಒಂಬತ್ತಕ್ಕೆ ತಲುಪುತ್ತೇನೆ ಅನ್ನುವ ಲೆಕ್ಕ ನೆಲಮಂಗಲ ದಾಟುವಷ್ಟರಲ್ಲಿ ಕೈಕೊಡುತ್ತದೆ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂರಬೇಕಿಲ್ಲ. ದಾಸರಹಳ್ಳಿ ಅಥವಾ ಯಶವಂತಪುರದ ಹತ್ತಿರ ಇಳಿದು ಹಸಿರು ಮಾರ್ಗದ ಮೆಟ್ರೊ ಹತ್ತಿ. ರೈಲು ಇಷ್ಟಪಡುವವರಿಗೆ 2017ರಲ್ಲಿ ತೆರೆದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಿದೆ, ಯಶವಂತಪುರದಲ್ಲಿ ಇಳಿದರೆ ಅಲ್ಲೂ ಮೆಟ್ರೊ ಹತ್ತಿರ. ಚಿಕ್ಕಮಗಳೂರಿನವರು ಕಡೂರಿಗೆ ಬಂದು ರೈಲು ಹಿಡಿಯಬಹುದು.

ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸಿನ ಪ್ರಯಾಣ ಉಚಿತ. ರಾಜಹಂಸ, ಐರಾವತಕ್ಕೆ ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ.

ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆಯ ತೋಟಗಳಿಂದ ಬರುವವರಿಗೆ ಒಂದು ಮಾತು. ಮೊದಲ ಬಸ್ ಹಿಡಿಯಬೇಕೆಂದು ಕತ್ತಲಲ್ಲಿ ಒಬ್ಬರೇ ನಡೆದು ಬರಬೇಡಿ. ಆನೆ ಓಡಾಟ ಇರುವ ದಾರಿಗಳು ನಿಮಗೆ ಗೊತ್ತೇ ಇವೆ. ಹಿಂದಿನ ಸಂಜೆಯೇ ಪೇಟೆಗೆ ಬಂದು ನೆಂಟರ ಮನೆಯಲ್ಲಿ ಉಳಿದುಕೊಳ್ಳಿ.

ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇದ್ದರೆ ಇರಲಿ, ಇಲ್ಲದಿದ್ದರೆ ಚಿಂತೆ ಇಲ್ಲ. ಚಾರ್ಜರ್, ನೀರಿನ ಬಾಟಲಿ, ಒಂದು ನೋಟ್‌ಬುಕ್. ಸಾಧ್ಯವಾದರೆ ಮನೆಯ ಕಾಫಿಪುಡಿಯ ಒಂದೆರಡು ಸಣ್ಣ ಪೊಟ್ಟಣ. ನಿಮಗೆ ಸಹಾಯ ಮಾಡಿದವರ ಕೈಗೆ ಅದನ್ನಿಟ್ಟು "ನಮ್ಮ ತೋಟದ್ದು" ಅಂದರೆ ಅವರು ನಿಮ್ಮ ಊರನ್ನು ಮರೆಯುವುದಿಲ್ಲ.

6. ಮೊದಲ ಬೆಳಗ್ಗೆ

ಶುರುವಾಗುವ ಮುಕ್ಕಾಲು ಗಂಟೆ ಮುಂಚೆ ತಲುಪಿ. ಕ್ಯೂಆರ್ ಕೋಡ್ ತೋರಿಸಿದರೆ ಕತ್ತಿಗೆ ಹಾಕುವ ಬ್ಯಾಡ್ಜ್ ಕೊಡುತ್ತಾರೆ. ಕೆಲವು ಕಡೆ ಬ್ಯಾಡ್ಜಿನ ದಾರಕ್ಕೆ ಬೇರೆ ಬೇರೆ ಬಣ್ಣ ಇರುತ್ತದೆ, "ನನ್ನ ಫೋಟೊ ತೆಗೆಯಬೇಡಿ" ಅನ್ನುವುದರ ಗುರುತು ಅದು. ಯಾವ ಬಣ್ಣಕ್ಕೆ ಏನು ಅರ್ಥ ಅಂತ ಅಲ್ಲೇ ಕೇಳಿಕೊಳ್ಳಿ. ನಡವಳಿಕೆಯ ನಿಯಮವನ್ನು ಓದಿ. ಯಾರಿಂದಾದರೂ ಕಿರಿಕಿರಿ ಆದರೆ ಯಾರಿಗೆ ಹೇಳಬೇಕು ಅಂತ ಅದರಲ್ಲೇ ಇರುತ್ತದೆ. ಹೆಣ್ಣುಮಕ್ಕಳು ಆ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಬ್ಯಾಡ್ಜ್ ಮೇಲೆ ಹೆಸರಿನ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಬರೆಯಿರಿ: 'ಕನ್ನಡ, ಮ್ಯಾಪ್, ಚಿಕ್ಕಮಗಳೂರು'. ಕನ್ನಡ ಅಕ್ಷರದಲ್ಲೇ ಬರೆಯಿರಿ. ಓದಬಲ್ಲವರು ತಾವಾಗೇ ಬಂದು ಮಾತಾಡಿಸುತ್ತಾರೆ.

7. ಕಾರಿಡಾರಿನಲ್ಲಿ

ಸಮ್ಮೇಳನದ ಹಳಬರು ಸಭಾಂಗಣದ ಒಳಗಿಗಿಂತ ಹೊರಗೇ ಹೆಚ್ಚು ಹೊತ್ತು ಇರುತ್ತಾರೆ. ಕಾಫಿ ಕೌಂಟರ್ ಹತ್ತಿರ, ಮೆಟ್ಟಿಲ ಮೇಲೆ, ಪ್ಲಗ್ ಪಾಯಿಂಟ್ ಇರುವ ಗೋಡೆಯ ಪಕ್ಕ. ಬಹಳಷ್ಟು ಕೆಲಸ ಅಲ್ಲೇ ಕುದುರುತ್ತದೆ.

ನೀವು ನೋಡುವುದು ಹೀಗಿರುತ್ತದೆ: ನಾಲ್ಕೈದು ಜನ ಲೋಟ ಹಿಡಿದು ನಿಂತಿದ್ದಾರೆ, ಏನೋ ಗಂಭೀರ ಮಾತು. ಅವರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಅನುಭವಿಗಳು ಬೇಕೆಂದೇ ಆ ಜಾಗ ಬಿಟ್ಟು ನಿಲ್ಲುತ್ತಾರೆ, ಹೊಸಬರು ಬರಲಿ ಅಂತ. ಹೋಗಿ ನಿಂತುಕೊಳ್ಳಿ. ಎರಡು ನಿಮಿಷ ಕೇಳಿಸಿಕೊಳ್ಳಿ. ಯಾರಾದರೂ ನಿಮ್ಮ ಕಡೆ ತಿರುಗುತ್ತಾರೆ. ಆಗ ಮೂರೇ ವಿಷಯ: ಹೆಸರು, ಊರು, ಏನು ಮಾಡುತ್ತಿದ್ದೀರಿ. "ಹಾಸನದಿಂದ ಬಂದೆ, ಲಿಬ್ರೆಆಫೀಸ್ ಕನ್ನಡಕ್ಕೆ ತರ್ತಿದ್ದೀನಿ, 'ಸೇವ್' ಅನ್ನೋದಕ್ಕೆ ಏನ್ ಹಾಕ್ಬೇಕು ಅಂತ ಗೊತ್ತಾಗ್ತಿಲ್ಲ." ಇದಕ್ಕಿಂತ ಒಳ್ಳೆಯ ಪರಿಚಯ ಬೇಕಿಲ್ಲ.

ಭಾಷೆಯ ವಿಷಯ. ವೇದಿಕೆಯ ಮಾತು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ, ಅದು ನಿಜ. ಆದರೆ ಬೆಂಗಳೂರಿನ ಸಮ್ಮೇಳನದಲ್ಲಿ ಕನ್ನಡದವರು ಖಂಡಿತ ಇರುತ್ತಾರೆ, ವಾಲಂಟಿಯರ್‌ಗಳಲ್ಲಂತೂ ಜಾಸ್ತಿ. "ಕನ್ನಡದಲ್ಲಿ ಮಾತಾಡಬಹುದಾ?" ಅಂತ ನೇರವಾಗಿ ಕೇಳಿ. ಇಂಗ್ಲಿಷ್‌ನಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ, ಓದಿಯೇ ಕೇಳಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪು: ಒಂದೇ ಕಾಲೇಜಿನ ಆರು ಜನ ಒಟ್ಟಿಗೆ ಬಂದು, ಎರಡು ದಿನವೂ ಆರು ಜನ ಒಟ್ಟಿಗೇ ಓಡಾಡುವುದು. ಬಸ್ಸಿನಲ್ಲಿ ಒಟ್ಟಿಗೆ ಬನ್ನಿ, ಬಾಗಿಲಲ್ಲಿ ಬೇರೆಯಾಗಿ, ಸಂಜೆ ಸೇರಿ ಯಾರಿಗೆ ಏನು ಸಿಕ್ಕಿತು ಅಂತ ಹೇಳಿಕೊಳ್ಳಿ. ಇನ್ನೊಂದು ತಪ್ಪು, ಸಿಕ್ಕವರಿಗೆಲ್ಲ ರೆಸ್ಯೂಮೆ ಕೊಡುವುದು. ಕೆಲಸ ಹುಡುಕುತ್ತಿದ್ದೇನೆ ಅಂತ ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಮೊದಲ ಮಾತೇ ಅದಾಗುವುದು ಬೇಡ.

8. ಟಾಕ್ ಮತ್ತು ಪ್ರಶ್ನೆ

ಅರ್ಥವಾಗದಿದ್ದರೆ ಎದ್ದು ಬರಬಹುದು, ಅದು ಅಗೌರವ ಅಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರಾಯಿತು. ಪ್ರಶ್ನೆ ಕೇಳುವಾಗ ಒಂದೇ ಪ್ರಶ್ನೆ, ಅರ್ಧ ನಿಮಿಷದೊಳಗೆ. ದೊಡ್ಡ ಪ್ರಶ್ನೆಯಾದರೆ ಟಾಕ್ ಮುಗಿದ ಮೇಲೆ ವೇದಿಕೆಯ ಪಕ್ಕದಲ್ಲಿ ಅವರನ್ನು ಹಿಡಿಯಿರಿ.

9. ಸ್ಟಾಲ್, ಸ್ಪ್ರಿಂಟ್, ಕೈಜೋಡಿಸುವುದು

ಸ್ಟಾಲ್‌ಗಳಲ್ಲಿ ಸ್ಟಿಕ್ಕರ್ ಸಿಗುತ್ತದೆ, ತಗೊಳ್ಳಿ. ಆದರೆ ಸ್ಟಿಕ್ಕರ್ ಕೊಡುತ್ತಿರುವವರು ಆ ತಂತ್ರಾಂಶದ ಮೇಂಟೇನರ್ ಆಗಿರಬಹುದು, ಅಂದರೆ ಅದನ್ನು ದಿನನಿತ್ಯ ನೋಡಿಕೊಳ್ಳುವವರು. "ಹೊಸಬರು ಮಾಡಬಹುದಾದ ಕೆಲಸ ಏನಾದರೂ ಬಾಕಿ ಇದೆಯಾ?" ಅಂತ ಕೇಳಿ. ಅವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ಸ್ಪ್ರಿಂಟ್ ಇದ್ದರೆ ಒಂದು ದಿನ ಹೆಚ್ಚು ಉಳಿದಾದರೂ ಕೂರಿ. ಮನೆಯಲ್ಲಿ ಒಂದು ವಾರ ಒದ್ದಾಡಿದರೂ ಕಂಪ್ಯೂಟರಿನಲ್ಲಿ ಏಳದ ಪ್ರಾಜೆಕ್ಟ್, ಪಕ್ಕದಲ್ಲಿ ಗೊತ್ತಿರುವವರು ಕೂತರೆ ಬೇಗ ಏಳುತ್ತದೆ. ಬೇಕಾದ ಫೈಲ್‌ಗಳನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಅಷ್ಟು ಜನ ಸೇರಿದ ಕಡೆ ವೈಫೈ ನಂಬುವ ಹಾಗಿಲ್ಲ.

ಎರಡನೇ ವರ್ಷ ವಾಲಂಟಿಯರ್ ಆಗಿ ಹೋಗಿ. ಕುರ್ಚಿ ಜೋಡಿಸುವುದು, ಮೈಕ್ ಹಿಡಿದು ಓಡಾಡುವುದು, ಸಮಯದ ಚೀಟಿ ತೋರಿಸುವುದು. ಇಡೀ ಸಮ್ಮೇಳನ ಹೇಗೆ ನಡೆಯುತ್ತದೆ ಅಂತ ಒಳಗಿನಿಂದ ಗೊತ್ತಾಗುತ್ತದೆ, ಮುಂದೆ ನಮ್ಮೂರಲ್ಲಿ ಏನಾದರೂ ಮಾಡಬೇಕೆಂದಾಗ ಅದೇ ಕೈಹಿಡಿಯುತ್ತದೆ.

10. ವಾಪಸ್ ಬಂದ ಮೇಲೆ

ಭಾನುವಾರ ರಾತ್ರಿ ಬಸ್ಸಿನಲ್ಲಿ, ನೆನಪು ಹಸಿಯಾಗಿರುವಾಗಲೇ, ಯಾರ ಹತ್ತಿರ ಏನು ಮಾತಾಡಿದಿರಿ ಅಂತ ಬರೆದುಕೊಳ್ಳಿ. ಹೆಸರು, ಪ್ರಾಜೆಕ್ಟ್, ನೀವು ಮಾಡುತ್ತೇನೆ ಅಂದ ಕೆಲಸ. ಕುಣಿಗಲ್ ದಾಟುವಷ್ಟರಲ್ಲಿ ನಿದ್ದೆ ಬಂದುಬಿಡುತ್ತದೆ, ಅದಕ್ಕೆ ಮುಂಚೆ ಮುಗಿಸಿ.

ಆ ಕೆಲಸವನ್ನು ಒಂದು ವಾರದೊಳಗೆ ಶುರು ಮಾಡಿ. ಹತ್ತನೇ ದಿನಕ್ಕೆ ಇಂಟರ್ನಲ್ಸ್ ಬರುತ್ತದೆ, ಆಮೇಲೆ ಲ್ಯಾಬ್ ರೆಕಾರ್ಡು, ಅಲ್ಲಿಗೆ ಮರೆತೇ ಹೋಗುತ್ತದೆ. ನಾನು ನೋಡಿದ ಹಾಗೆ ಹೆಚ್ಚಿನವರು ಬಿಟ್ಟುಬಿಡುವುದು ಈ ಜಾಗದಲ್ಲೇ.

ಆಮೇಲೆ ಒಂದು ಶನಿವಾರ ಮಧ್ಯಾಹ್ನ ಕಾಲೇಜಿನ ಲ್ಯಾಬ್ ಕೇಳಿ. ಐದು ಜನ ಬಂದರೂ ಸಾಕು. ಒಂದು ರೆಕಾರ್ಡಿಂಗನ್ನು ನಡುನಡುವೆ ನಿಲ್ಲಿಸಿ, ಕನ್ನಡದಲ್ಲಿ ವಿವರಿಸುತ್ತಾ ತೋರಿಸಿ. ಉಳಿದ ಒಂದು ಗಂಟೆ ಎಲ್ಲರೂ ತಂತಮ್ಮ ಊರನ್ನು ಮ್ಯಾಪಿನಲ್ಲಿ ತೆರೆದು ಕನ್ನಡ ಹೆಸರು ತುಂಬಲಿ.

ಕೊನೆಗೆ, ನಿಮಗೆ ಅಲ್ಲಿ ಸಹಾಯ ಮಾಡಿದವರಿಗೆ ಒಂದು ಮೆಸೇಜ್ ಕಳಿಸಿ. ಉದ್ದ ಬೇಡ. "ಮೆಟ್ಟಿಲ ಹತ್ತಿರ 'ಸೇವ್' ಬಗ್ಗೆ ಕೇಳಿದ್ದೆ, ನೆನಪಿದೆಯಾ? 'ಉಳಿಸಿ' ಅಂತಲೇ ಹಾಕಿದೆ. ಇನ್ನೂ ಅರವತ್ತು ಸಾಲು ಮುಗಿಸಿದ್ದೀನಿ. ಬಿಡುವಾದಾಗ ಒಮ್ಮೆ ನೋಡ್ತೀರಾ?"